ಎರಡು ದಿನಗಳ ಪಟ್ಟಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಉಂಟಾದವು. ತಾಂಡೂರಿನ ಫರಸಿ ಕಲ್ಲಿನ ನೆಲದ ಮೇಲೆ ಸಾಲಾಗಿ ಕುಳಿತು ಅಕ್ಷರ ಕಲಿತ ಹುಡುಗನನ್ನು ಶಾಲೆಯು ಇಷ್ಟು ವರ್ಷಗಳ ಮೇಲೆಯೂ ಮರೆತಿಲ್ಲವಲ್ಲ ಎಂಬುದು ಸಂತೋಷ. ಸಂಕೋಚಕ್ಕೆ ಕಾರಣ, ನಾನು ಬರಹಗಾರನಲ್ಲ. ದಕ್ಷಿಣ ಮಧ್ಯ ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ದುಡಿದು 2023ರಲ್ಲಿ ನಿವೃತ್ತನಾದವನು. ಟಿಕೆಟ್ ಕಿಟಕಿಯ ಹಿಂದೆ ಕುಳಿತು ರಿಜಿಸ್ಟರುಗಳನ್ನು ತುಂಬಿದ್ದೇ ನನ್ನ ಸಾಹಿತ್ಯ ಸೇವೆ.

ಶಾಲೆಯ ಇತಿಹಾಸವನ್ನೂ ಗುರುವೃಂದದ ತ್ಯಾಗವನ್ನೂ ಕುರಿತು ಬಲ್ಲವರು ಬರೆಯುತ್ತಾರೆ. ನಾನು ಆಸ್ಟ್ರೇಲಿಯದ ಒಂದು ಕಡಲತೀರದ ನಗರಕ್ಕೆ ಎರಡು ದಿನ ಹೋಗಿಬರಲು ಹಾಕಿದ ಯೋಜನೆಯ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದಕ್ಕೂ ತಾಂಡೂರಿನ ಕನ್ನಡ ಶಾಲೆಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ.

2025ರ ಫೆಬ್ರುವರಿಯಲ್ಲಿ ನಾನೂ ನನ್ನ ಪತ್ನಿಯೂ ಮಗನ ಮನೆಗೆಂದು ಸಿಡ್ನಿಗೆ ಹೋದೆವು. ಅವನ ಮನೆ ಇರುವುದು ನಗರದ ಪಶ್ಚಿಮಕ್ಕೆ, ವೆಂಟ್‌ವರ್ತ್‌ವಿಲ್ ಎಂಬ ಬಡಾವಣೆಯಲ್ಲಿ. ಅಲ್ಲಿಯ ಅಂಗಡಿಗಳಲ್ಲಿ ಜೋಳದ ಹಿಟ್ಟಿನಿಂದ ತೊಗರಿಬೇಳೆಯವರೆಗೆ ಎಲ್ಲವೂ ದೊರೆಯುತ್ತದೆ. ತೊಗರಿಯನ್ನು ಕಂಡಾಗ ಮಾತ್ರ, 2022ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ನಮ್ಮೂರ ತೊಗರಿಯ ಮುಂದೆ ಇದೆಷ್ಟರದು ಎಂದು ನನ್ನ ಪತ್ನಿ ಅಂಗಡಿಯಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಳು.

ಮಗ, ಸೊಸೆ ಇಬ್ಬರೂ ನೌಕರಿಯಲ್ಲಿರುವವರು. ಹತ್ತು ವರ್ಷದ ಮೊಮ್ಮಗಳಿಗೆ ಶಾಲೆ, ಈಜು, ಸಂಗೀತ; ಭಾನುವಾರ ಬೆಳಿಗ್ಗೆ ತಂದೆತಾಯಂದಿರೇ ಸೇರಿ ನಡೆಸುವ ಕನ್ನಡ ತರಗತಿ. ಎಲ್ಲರಿಗೂ ಒಟ್ಟಿಗೆ ಬಿಡುವು ದೊರೆಯುವ ವಾರಾಂತ್ಯವನ್ನು ಹುಡುಕುವುದೇ ಮೊದಲ ಕೆಲಸವಾಯಿತು. ಮಾರ್ಚ್ 30ರ ಭಾನುವಾರ ಯುಗಾದಿ. ಅಂದು ಮನೆ ಬಿಡುವ ಮಾತಿಲ್ಲ. ಏಪ್ರಿಲ್ ಎರಡನೆಯ ವಾರ ನಮ್ಮ ಮರುಪ್ರಯಾಣ. ಉಳಿದದ್ದು ಏಪ್ರಿಲ್ 5 ಮತ್ತು 6, ಶನಿವಾರ ಹಾಗೂ ಭಾನುವಾರ ಮಾತ್ರ. ಅದಕ್ಕಾಗಿ ಮೊಮ್ಮಗಳ ಒಂದು ಕನ್ನಡ ತರಗತಿ ತಪ್ಪುತ್ತಿತ್ತು. ನನಗೆ ಅದು ಸರಿಬೀಳಲಿಲ್ಲ. ಆದರೆ ಅವಳ ಅಧ್ಯಾಪಕಿ, ತರಗತಿಗೆ ಬದಲಾಗಿ ಪ್ರವಾಸದ ವಿಷಯ ಹತ್ತು ವಾಕ್ಯ ಕನ್ನಡದಲ್ಲಿ ಬರೆದು ತಂದರೆ ಸಾಕೆಂದು ಅಪ್ಪಣೆ ಕೊಟ್ಟರು.

ಎಲ್ಲಿಗೆ ಹೋಗುವುದೆಂಬುದು ಎರಡನೆಯ ಪ್ರಶ್ನೆ. ವಿಮಾನ ಹತ್ತಿ ಗೋಲ್ಡ್ ಕೋಸ್ಟಿಗೆ ಹೋಗೋಣವೆಂದು ಮಗ ಹೇಳಿದ. ಎರಡು ದಿನಕ್ಕೆ ಅಷ್ಟು ಖರ್ಚೇಕೆಂದು ಸೊಸೆ. ನನ್ನ ಪತ್ನಿಯ ಬೇಡಿಕೆ ಸರಳವಾಗಿತ್ತು: “ನನಗ ಏನೂ ಬ್ಯಾಡ. ಒಂದ್ ಸಂಜಿ ಸಮುದ್ರದ ದಂಡಿಗೆ ಸುಮ್ಮನ ಕುಂದ್ರಬೇಕು.” ನಾನು, “ರೈಲಿನಲ್ಲಿ ಹೋಗಿಬರುವಂತಹ ಊರಾದರೆ ಮಾತ್ರ ಬರುತ್ತೇನೆ” ಎಂದೆ. ಈ ಎಲ್ಲ ಷರತ್ತುಗಳಿಗೂ ಒಪ್ಪುವ ಊರೆಂದರೆ ಸಿಡ್ನಿಯ ಉತ್ತರಕ್ಕೆ, ರೈಲುಮಾರ್ಗದಲ್ಲಿ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಹಂಟರ್ ನದಿಯು ಸಮುದ್ರವನ್ನು ಸೇರುವಲ್ಲಿರುವ ನ್ಯೂಕ್ಯಾಸಲ್ ನಗರ. ಯೋಜನೆ ಹಾಕುವ ಹೊಣೆಯನ್ನು ನಾನೇ ಕೇಳಿ ಪಡೆದೆ. ವೇಳಾಪಟ್ಟಿ ನೋಡದೆ ಎರಡು ವರ್ಷ ಕಳೆದಿದ್ದ ನನಗೆ ಅದು ಹಬ್ಬದೂಟವಾಗಿತ್ತು.

ಮೊದಲು ಮಾರ್ಗ. ವೆಂಟ್‌ವರ್ತ್‌ವಿಲ್‌ನಿಂದ ಸ್ಟ್ರಾತ್‌ಫೀಲ್ಡಿಗೆ ಹೋಗಿ ಅಲ್ಲಿ ಗಾಡಿ ಬದಲಿಸಿದರೆ ನೇರವಾಗಿ ನ್ಯೂಕ್ಯಾಸಲ್. ಎರಡೂವರೆ ಗಂಟೆಯ ಆಸುಪಾಸಿನ ಪ್ರಯಾಣ. ಈ ಮಾರ್ಗವು ಹಾಕ್ಸ್‌ಬರಿ ಎಂಬ ವಿಶಾಲವಾದ ನದಿಯನ್ನು ದಾಟುತ್ತದೆ. ಆ ನದಿಗೆ ರೈಲು ಸೇತುವೆಯಾದದ್ದು 1889ರಲ್ಲಿ. ಅಲ್ಲಿಯವರೆಗೆ ಎರಡು ನಗರಗಳ ನಡುವೆ ನೇರ ರೈಲು ಇರಲಿಲ್ಲ. ಇದನ್ನು ಓದಿದಾಗ ನನಗೆ ಸಣ್ಣದೊಂದು ಹೆಮ್ಮೆಯಾಯಿತು. ವಾಡಿಯಿಂದ ತಾಂಡೂರಿನ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ್ದು 1874ರಲ್ಲಿಯೇ. ಹದಿನೈದು ವರ್ಷ ನಾವೇ ಮುಂದು! ಸೇತುವೆ ದಾಟಿದ ಮೇಲೆ ವೊಂಡಬೈನ್ ಎಂಬ ಪುಟ್ಟ ನಿಲ್ದಾಣ. ಅದಕ್ಕೆ ರಸ್ತೆಯೇ ಇಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಕಾಡಿನ ಕಾಲುಹಾದಿಯಲ್ಲಿ ನಡೆದು ಬರಬೇಕು. ಇಳಿಯುವವರು ಮೊದಲೇ ಗಾರ್ಡಿಗೆ ತಿಳಿಸಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಈ ಕಾರಣಕ್ಕಾಗಿ ನೀರಿನ ಕಡೆಯ ಕಿಟಕಿಗಳನ್ನು ಹಿಡಿಯಬೇಕೆಂದು ಪಟ್ಟಿಯಲ್ಲಿ ಬರೆದುಕೊಂಡೆ.

ಎರಡನೆಯದು, ಹಳಿಯ ಕೆಲಸ. ಆ ದೇಶದಲ್ಲಿ ಹಳಿಗಳ ದುರಸ್ತಿಯನ್ನು ಹೆಚ್ಚಾಗಿ ವಾರಾಂತ್ಯಗಳಲ್ಲಿಯೇ ಇಟ್ಟುಕೊಳ್ಳುತ್ತಾರೆ. ಆಗ ರೈಲಿಗೆ ಬದಲಾಗಿ ಬಸ್ಸುಗಳು ಓಡುತ್ತವೆ. ವಾರಾಂತ್ಯದ ಪ್ರವಾಸ ಹೊರಡುವವರು ವಸತಿಗೆ ಹಣ ಕಟ್ಟುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಮೂರನೆಯದು, ದರ. ಒಂದೇ ಕಾರ್ಡಿನಲ್ಲಿ ರೈಲು, ಟ್ರಾಮು, ದೋಣಿ ಎಲ್ಲವೂ ನಡೆಯುತ್ತದೆ. ಶುಕ್ರ, ಶನಿ, ಭಾನುವಾರಗಳಲ್ಲಿ ದಿನದ ಗರಿಷ್ಠ ಕಡಿತಕ್ಕೆ ಕಡಿಮೆ ಮಿತಿಯೊಂದಿದ್ದು, ಅದನ್ನು ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಹಣ ಹೋಗುವುದಿಲ್ಲ. ನಾಲ್ಕನೆಯದು ಗಡಿಯಾರ. ಏಪ್ರಿಲ್ ಮೊದಲ ಭಾನುವಾರ ಬೆಳಗಿನ ಜಾವ ಮೂರು ಗಂಟೆಗೆ ಆ ರಾಜ್ಯದ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಪ್ರವಾಸದ ನಡುರಾತ್ರಿಯೇ ಅದು! ಎರಡು ದಿನದ ಪ್ರವಾಸಕ್ಕೆ ಸರಕಾರವೇ ಒಂದು ಗಂಟೆಯನ್ನು ಉಡುಗೊರೆಯಾಗಿ ಕೊಟ್ಟಂತಾಯಿತೆಂದು ನಾನು ಹಿಗ್ಗಿದೆ. ಆ ಗಂಟೆ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ನೋಡುವ ಸ್ಥಳಗಳು. ಬಡಾವಣೆಯ ಗ್ರಂಥಾಲಯದಲ್ಲಿ ಕುಳಿತು, ಮೊಮ್ಮಗಳ ಸಹಾಯದಿಂದ ಪುಸ್ತಕಗಳನ್ನು ಹುಡುಕಿ ಓದಿದೆ. ಓದಿದಷ್ಟೂ ಪಟ್ಟಿ ಬೆಳೆಯಿತು. ಬಂದರಿನ ಬಾಯಲ್ಲಿರುವ ನಾಬೀಸ್ ಗುಡ್ಡ, ಅದರ ಮೇಲೆ 1858ರ ದೀಪಸ್ತಂಭ. ಆ ಗುಡ್ಡ ಹಿಂದೆ ದ್ವೀಪವಾಗಿತ್ತು. 1818ರಲ್ಲಿ ಆರಂಭಿಸಿ, ಕೈದಿಗಳಿಂದ ಕಲ್ಲು ಹೊರಿಸಿ ಕಟ್ಟೆ ಕಟ್ಟಿಸಿ, 1846ರ ಹೊತ್ತಿಗೆ ಅದನ್ನು ನೆಲಕ್ಕೆ ಜೋಡಿಸಿದರು. 1942ರ ಜೂನ್ ತಿಂಗಳಿನಲ್ಲಿ ಜಪಾನಿನ ಜಲಾಂತರ್ಗಾಮಿಗೆ ಪ್ರತಿಯಾಗಿ ತೋಪು ಹಾರಿಸಿದ ಸ್ಕ್ರ್ಯಾಚ್ಲಿ ಕೋಟೆ. 1922ರಲ್ಲಿ ತೆರೆದ, ಸಮುದ್ರದ ಅಂಚಿನಲ್ಲಿಯೇ ಕಟ್ಟಿದ ಈಜುಕೊಳ, ಪ್ರವೇಶಕ್ಕೆ ಹಣವಿಲ್ಲ. ನದಿಯ ಆಚೆ ದಡದ ಸ್ಟಾಕ್ಟನ್ನಿಗೆ ಕೆಲವೇ ನಿಮಿಷಗಳ ದೋಣಿ ಪ್ರಯಾಣ. ವಸ್ತುಸಂಗ್ರಹಾಲಯ, ಚಿತ್ರಶಾಲೆ, ಪ್ರಧಾನ ಇಗರ್ಜಿ, ಮರಳ ದಿಬ್ಬಗಳು, ಕಾಂಗರೂಗಳಿರುವ ಉದ್ಯಾನ. ಇಲ್ಲಿಂದ 1799ರಲ್ಲಿಯೇ ಬಂಗಾಳಕ್ಕೆ ಹಡಗಿನಲ್ಲಿ ಕಲ್ಲಿದ್ದಲು ಹೋಗಿತ್ತೆಂದು ಓದಿದ ಮೇಲೆ ಕಲ್ಲಿದ್ದಲಿನ ಹಡಗುಗಳನ್ನು ನೋಡದೆ ಬರುವುದು ಹೇಗೆ? ಕೊನೆಗೆ ಎಣಿಸಿದಾಗ ಹದಿನೇಳು ಸ್ಥಳಗಳಾದವು.

ಆ ರಾತ್ರಿ ನನಗೆ ನಮ್ಮ ಶಾಲೆಯ ಗುರುಗಳೊಬ್ಬರು ನೆನಪಾದರು. ನಾವು ಏಳನೆಯ ತರಗತಿಯಲ್ಲಿದ್ದಾಗ ಅವರು ನಮ್ಮನ್ನು ಮಳಖೇಡಕ್ಕೆ ಒಂದು ದಿನದ ಪ್ರವಾಸ ಕರೆದುಕೊಂಡು ಹೋಗಿದ್ದರು. ಹೊರಡುವುದಕ್ಕೆ ಒಂದು ವಾರ ಮುಂಚೆ ಕರಿಹಲಗೆಯ ಮೇಲೆ ಮೂರು ಸಾಲು ಎಳೆದು, “ಹೊರಡುವ ವೇಳೆ”, “ತಲುಪುವ ವೇಳೆ”, “ಬಿಡುವು” ಎಂದು ಬರೆದರು. ಸೇಡಂ ದಾಟಿ ಮಳಖೇಡ ರೋಡ್ ನಿಲ್ದಾಣದಲ್ಲಿ ಇಳಿದು, ಎತ್ತಿನ ಗಾಡಿಯಲ್ಲೂ ಕಾಲ್ನಡಿಗೆಯಲ್ಲೂ ಸಾಗಿ ಕೋಟೆಯನ್ನು ಕಂಡೆವು. ನೇಮಿನಾಥ ಬಸದಿಯನ್ನು ನೋಡಿದೆವು. ಅನಂತರ ಮಧ್ಯಾಹ್ನವೆಲ್ಲ ಕಾಗಿಣಾ ನದಿಯ ದಂಡೆಯಲ್ಲಿ ಕೂರಿಸಿಬಿಟ್ಟರು. ಇನ್ನೂ ಏನೇನೋ ನೋಡಬಹುದಿತ್ತಲ್ಲ ಎಂದು ನಾವು ಗೊಣಗಿದಾಗ ಅವರು ನೀರನ್ನು ತೋರಿಸಿ, “ಇದು ನಿನ್ನೆ ನಮ್ಮ ತಾಂಡೂರಿನ ಹತ್ತಿರ ಹರಿದ ನೀರು. ಈ ದಂಡೆಯ ಮೇಲೆ ನೃಪತುಂಗನ ರಾಜಧಾನಿ ಇತ್ತು, ಕವಿರಾಜಮಾರ್ಗ ಹುಟ್ಟಿತು. ಅದಕ್ಕಿಂತ ಹೆಚ್ಚೇನು ನೋಡುತ್ತೀರಿ? ಸುಮ್ಮನೆ ಕುಳಿತು ಇದನ್ನು ನೋಡಿರಿ” ಎಂದರು. ಒಂಬತ್ತನೆಯ ಶತಮಾನದ ಆ ಗ್ರಂಥವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆಂಬುದನ್ನು ನಾನು ಕಲಿತದ್ದು ಆ ದಂಡೆಯ ಮೇಲೆ.

ಗಡಿಯ ಊರಿನ ಮಕ್ಕಳಾದ ನಮಗೆ ಆ ಮಾತಿನ ತೂಕವೇ ಬೇರೆ. ತಾಂಡೂರು ಹೈದರಾಬಾದ್ ಸಂಸ್ಥಾನದ ಕಾಲದಿಂದ ಗುಲಬರ್ಗಾ ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ತಾಂಡೂರು, ಕೊಡಂಗಲ್ ತಾಲೂಕುಗಳು ಮಾತ್ರ ಆಂಧ್ರ ಪ್ರದೇಶಕ್ಕೆ ಹೋದವು. 2014ರಿಂದ ಅದು ತೆಲಂಗಾಣ. “ನಾನು ಮನೆ ಬಿಟ್ಟು ಹೋಗಲೇ ಇಲ್ಲ, ರಾಜ್ಯ ಮಾತ್ರ ಬದಲಾಯಿತು” ಎಂದು ನನ್ನ ತಂದೆ ಹೇಳುತ್ತಿದ್ದರು. ಅಂತಹ ಊರಿನಲ್ಲಿ ಕನ್ನಡ ಶಾಲೆಯನ್ನು ತೆರೆದು ಐವತ್ತು ವರ್ಷ ನಡೆಸುವುದು ಎಷ್ಟು ಕಷ್ಟವೆಂಬುದನ್ನು ಈ ಸಂಚಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಗುರುಗಳ ಕ್ರಮದಲ್ಲಿಯೇ ದೊಡ್ಡ ಹಾಳೆಯ ಮೇಲೆ ಮೂರು ಸಾಲು ಎಳೆದು, ದುಂಡಾದ ಅಕ್ಷರಗಳಲ್ಲಿ ಪಟ್ಟಿಯನ್ನು ಬರೆದೆ. ಸಂಜೆ ಮಗ ಮನೆಗೆ ಬಂದೊಡನೆ ಅವನ ಕೈಗಿತ್ತೆ. ಅವನು ಹಾಳೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಅಂಕಿಗಳ ಮೇಲೆ ಬೆರಳಿಟ್ಟು, “ಇದು ಟೈಮ್ ಅಲ್ಲಾ?” ಎಂದ. ಆಮೇಲೆ ಮೆಲ್ಲಗೆ, “ಅಪ್ಪಾ, ನನಗ ಓದ್ಲಿಕ್ಕಿ ಬರಲ್ಲಲ್ಲಾ” ಎಂದು ಹೇಳಿ ಹಾಳೆಯನ್ನು ಮೇಜಿನ ಮೇಲಿಟ್ಟ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನಿಗೆ ಓದಲು ಬಾರದೆಂಬುದು ನನಗೆ ತಿಳಿಯದ ಸಂಗತಿಯೇನೂ ಅಲ್ಲ. ಆದರೆ ನಾನು ಬರೆದದ್ದನ್ನು ಓದಲಾರದೆ ಅವನು ನನ್ನ ಮುಂದೆ ನಿಂತದ್ದು ಅದೇ ಮೊದಲು.

ಇಲ್ಲಿ ಶಾಲೆಯ ಮುಂದೆ ನಾನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ತೊಂಬತ್ತರ ದಶಕದಲ್ಲಿ ಸಿಕಂದರಾಬಾದಿಗೆ ವರ್ಗವಾದಾಗ ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆ. ಎರಡನೆಯ ಭಾಷೆ ತೆಲುಗು, ಮೂರನೆಯದು ಹಿಂದಿ. ಕಾಚಿಗುಡಾದಲ್ಲಿ ನೃಪತುಂಗನ ಹೆಸರಿನ ಕನ್ನಡ ಶಾಲೆ ಇರುವುದು ನನಗೆ ಗೊತ್ತಿತ್ತು. ದೂರವಾಗುತ್ತದೆ ಎಂದು ಹೇಳಿಕೊಂಡೆ. ಶಾಲೆಗೆ ಕಳುಹಿಸಲಿಲ್ಲ, ಸರಿ. ಮನೆಯಲ್ಲಿ ಸಂಜೆ ಅರ್ಧ ಗಂಟೆ ಕೂರಿಸಿ ಅಕ್ಷರ ಕಲಿಸಬಹುದಿತ್ತಲ್ಲವೆ? ರಜೆಯಲ್ಲಿ ಕಲಿಸೋಣ, ಮುಂದಿನ ವರ್ಷ ಕಲಿಸೋಣ ಎಂದು ಮುಂದೂಡಿದೆ. ಸಾವಿರಾರು ಪ್ರಯಾಣಿಕರಿಗೆ ಗಾಡಿಯ ವೇಳೆ ಹೇಳಿದವನು ಮಗನ ಮಟ್ಟಿಗೆ ವೇಳೆ ಮೀರಿದ್ದನ್ನು ಗಮನಿಸಲಿಲ್ಲ. ಮಾತು ಅವನಿಗೆ ಬಂತು, ಅದೂ ಅವನ ತಾಯಿಯಿಂದ. ಅಕ್ಷರ ಬರಲಿಲ್ಲ.

ನಾನು ಹಾಳೆಯನ್ನು ಮಡಿಸಲು ಹೋದಾಗ ಮೊಮ್ಮಗಳು ಕೈಯಿಂದ ಕಸಿದುಕೊಂಡಳು. “ನಾ ಓದ್ತೀನಿ ಮುತ್ಯಾ” ಎಂದು ಬೆರಳಿಟ್ಟು, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಒಂದೊಂದಾಗಿ ಓದತೊಡಗಿದಳು. ‘ಬೋಗಿ ಹೋಲ್’ ಎಂಬ ಹೆಸರು ಬಂದಾಗ ನನ್ನ ಪತ್ನಿ, “ಅಲ್ಲಿಗಿ ಹೋದ್ರೂ ಬೋಗಿ ಬಿಡಲ್ಲ ಇವರಿಗಿ” ಎಂದು ನಕ್ಕಳು. ಅದು ರೈಲಿನ ಬೋಗಿಯಲ್ಲ. ‘ಬೋಗಿ’ ಎಂದರೆ ಆ ದೇಶದ ಮೂಲನಿವಾಸಿಗಳ ಮಾತಿನಿಂದ ಬಂದ, ಸ್ನಾನ ಎಂಬ ಅರ್ಥದ ಪದ. 1819ರಲ್ಲಿ ದಂಡನಾಯಕ ಮಾರಿಸೆಟ್ ಎಂಬವನು ತನ್ನ ಸ್ನಾನಕ್ಕೆಂದು ಕೈದಿಗಳಿಂದ ಬಂಡೆಯಲ್ಲಿ ಕೊರೆಸಿದ ಕೊಳ ಅದು. ಕಲ್ಲುಗಣಿಗಳ ಊರಿನವನಾದ ನನಗೆ, ಉಳಿಯಿಂದ ಸಮುದ್ರದ ಬಂಡೆಯನ್ನು ಕೊರೆಯುವುದೆಂದರೇನೆಂದು ಊಹಿಸಬಲ್ಲೆ. ಮೊಮ್ಮಗಳು ಹದಿನೇಳನ್ನೂ ಓದಿ ಮುಗಿಸಿ, ಮೂರನೆಯ ಸಾಲನ್ನು ತೋರಿಸಿ, “ಮುತ್ಯಾ, ‘ಬಿಡುವು’ ಅಂತ ಬರ್ದೀರಿ, ಕೆಳಗ ಏನೂ ಇಲ್ಲ” ಎಂದಳು. ಹೌದು. ಸ್ಥಳಗಳನ್ನು ತುಂಬುವ ಭರದಲ್ಲಿ ಆ ಸಾಲನ್ನು ನಾನು ಖಾಲಿಯಾಗಿಯೇ ಬಿಟ್ಟಿದ್ದೆ.

ಮರುದಿನ ಪಟ್ಟಿಯನ್ನು ಕಡಿತಗೊಳಿಸುವ ಉದ್ದೇಶದಿಂದ ಮತ್ತೆ ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಬೋಗಿ ಪದದ ಜಾಡು ಹಿಡಿದು ಹೋಗಿ ಬಿರಾಬನ್ ಎಂಬವನ ವೃತ್ತಾಂತವನ್ನು ಓದಿದೆ. ಆ ಕಡಲತೀರದ ಮೂಲನಿವಾಸಿಗಳು ಅವಬಕಲ್ ಜನ. ಬಿರಾಬನ್ ಅವರವನು, ಬಾಲ್ಯದಲ್ಲಿಯೇ ಸಿಡ್ನಿಯ ಸೈನಿಕರ ನಡುವೆ ಬೆಳೆದು ಇಂಗ್ಲಿಷ್ ಕಲಿತಿದ್ದ. 1825ರಲ್ಲಿ ಆ ಸೀಮೆಗೆ ಬಂದ ತ್ರೆಲ್ಕೆಲ್ಡ್ ಎಂಬ ಪಾದ್ರಿಗೆ ತನ್ನ ಭಾಷೆಯನ್ನು ಕಲಿಸಿದವನು ಇವನೇ. ಇಬ್ಬರ ವರ್ಷಗಳ ದುಡಿಮೆಯಿಂದ 1834ರಲ್ಲಿ ಆ ಭಾಷೆಯ ವ್ಯಾಕರಣ ಸಿಡ್ನಿಯಲ್ಲಿ ಅಚ್ಚಾಯಿತು. ಮಂಗಳೂರಿನಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ. ಅದಕ್ಕೂ ಅರವತ್ತು ವರ್ಷ ಮೊದಲಿನ ಕೆಲಸವಿದು. ಆದರೆ ಎರಡು ಪುಸ್ತಕಗಳ ಗತಿ ಬೇರೆ ಬೇರೆ. ಕಿಟ್ಟೆಲರ ನಿಘಂಟನ್ನು ತೆರೆಯಲು ಲಕ್ಷಾಂತರ ಕನ್ನಡಿಗರಿದ್ದರು. ಅವಬಕಲ್ ಜನರ ನೆಲ ಹೋಯಿತು, ಹೊಸ ರೋಗಗಳು ಬಂದವು, ಜನ ಕರಗುತ್ತ ಹೋದರು. 1841ರಲ್ಲಿ ಪಾದ್ರಿಯ ಕೇಂದ್ರ ಮುಚ್ಚಿತು. 1846ರಲ್ಲಿ ಬಿರಾಬನ್ ತೀರಿಕೊಂಡ. ವ್ಯಾಕರಣ ಉಳಿಯಿತು, ಆಡುವ ಮಕ್ಕಳು ಉಳಿಯಲಿಲ್ಲ. ಈಗ ಆ ಪುಸ್ತಕಗಳನ್ನು ಆಧರಿಸಿ ಅವರ ವಂಶದವರು ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ. 2016ರಲ್ಲಿ ನ್ಯೂಕ್ಯಾಸಲ್ಲಿನ ಎಂಟು ಸ್ಥಳಗಳಿಗೆ ಹಳೆಯ ಹೆಸರುಗಳನ್ನೂ ಅಧಿಕೃತವಾಗಿ ಸೇರಿಸಲಾಯಿತು. ನಾಬೀಸ್ ಗುಡ್ಡದ ಹೆಸರು ‘ವಿಬೈಗನ್ಬ’.

ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಅವರ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆಯಿಲ್ಲ. ಅವರಿಂದ ಕಸಿದುಕೊಂಡರು, ನನ್ನಿಂದ ಯಾರೂ ಕಸಿಯಲಿಲ್ಲ. ನನಗೆ ಶಾಲೆಯಿತ್ತು, ಗುರುಗಳಿದ್ದರು, ಪುಸ್ತಕಗಳಿದ್ದವು, ಸಂಜೆಯ ಅರ್ಧ ಗಂಟೆಯೂ ಇತ್ತು. ಗ್ರಂಥಗಳಿದ್ದರೆ ಭಾಷೆ ತಾನಾಗಿಯೇ ಉಳಿಯುತ್ತದೆಂದು ನಾನು ನಂಬಿದ್ದೆ. ಆದರೆ ಮನೆಯಲ್ಲಿ ಒಂದು ಸಾಮಾನ್ಯ ಪ್ರವಾಸದ ಪಟ್ಟಿಯನ್ನು ತಂದೆ ಬರೆದರೆ ಮಗ ಓದಬೇಕು. ಭಾಷೆ ಉಳಿದಿದೆಯೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಕಾಣಲಿಲ್ಲ.

ಪಟ್ಟಿಯಿಂದ ಹದಿಮೂರನ್ನು ಹೊಡೆದು ಹಾಕಿದೆ. ಉಳಿದದ್ದು ನಾಲ್ಕು: ಶನಿವಾರ ಮಧ್ಯಾಹ್ನ ಸಮುದ್ರದ ಈಜುಕೊಳ, ಸಂಜೆ ಕಡಲ ದಂಡೆ, ಭಾನುವಾರ ಬೆಳಿಗ್ಗೆ ವಿಬೈಗನ್ಬ ಗುಡ್ಡದವರೆಗೆ ಕಟ್ಟೆಯ ಮೇಲೆ ನಡಿಗೆ, ಅನಂತರ ದೋಣಿಯಲ್ಲಿ ಆಚೆ ದಡ. ಮಿಕ್ಕ ವೇಳೆಯೆಲ್ಲ ಮೂರನೆಯ ಸಾಲಿಗೆ ಸೇರಿತು. ಪ್ರವಾಸ ಮುಗಿಯುವವರೆಗೆ ಫೋನುಗಳು ಚೀಲದಲ್ಲಿರಬೇಕೆಂದು ಸೊಸೆ ಒಂದು ನಿಯಮವನ್ನು ಸೇರಿಸಿದಳು. ನನ್ನ ಪತ್ನಿ ಖಡಕ್ ರೊಟ್ಟಿ, ಶೇಂಗಾದ ಹಿಂಡಿ ಕಟ್ಟಿಕೊಂಡಳು.

ಪ್ರವಾಸದ ವಿವರಗಳನ್ನು ಬೆಳೆಸುವುದಿಲ್ಲ. ಗಾಡಿಗಳು ಈಗ ನಗರದ ಹೊರಬದಿಯ ಹೊಸ ನಿಲ್ದಾಣದಲ್ಲಿಯೇ ನಿಲ್ಲುತ್ತವೆ. ಅಲ್ಲಿಂದ ಕಡಲಿನವರೆಗೆ 2019ರಲ್ಲಿ ಆರಂಭವಾದ ಟ್ರಾಮು. ಅದಕ್ಕೆ ದಾರಿಯುದ್ದಕ್ಕೂ ಮೇಲಿನ ತಂತಿಯಿಲ್ಲ. ಪ್ರತಿ ನಿಲುಗಡೆಯಲ್ಲಿ ನಿಂತಷ್ಟು ಹೊತ್ತಿನಲ್ಲಿಯೇ ವಿದ್ಯುತ್ತನ್ನು ತುಂಬಿಕೊಂಡು ಮುಂದಿನ ನಿಲುಗಡೆಗೆ ಓಡುತ್ತದೆ. ನಿಂತಾಗ ಶಕ್ತಿ ತುಂಬಿಕೊಳ್ಳುವ ಆ ಗಾಡಿಯನ್ನು ಕಂಡಾಗ ಗುರುಗಳ ಮೂರನೆಯ ಸಾಲು ಮತ್ತೆ ನೆನಪಾಯಿತು. ಕಡಲಿನಲ್ಲಿ ಈಜುವವರು ಕೆಂಪು ಹಳದಿ ಬಾವುಟಗಳ ನಡುವೆಯೇ ಈಜಬೇಕೆಂಬುದು ಅಲ್ಲಿಯ ಎಚ್ಚರಿಕೆ. ನಾವು ಕೊಳವನ್ನೇ ನಂಬಿದೆವು. ಸಂಜೆ ನನ್ನ ಪತ್ನಿ ದಂಡೆಯ ಮೇಲೆ ಕತ್ತಲಾಗುವವರೆಗೆ ಸುಮ್ಮನೆ ಕುಳಿತಳು. ದೂರದಲ್ಲಿ ಕಲ್ಲಿದ್ದಲಿಗೆ ಬಂದ ಹಡಗುಗಳು ದೀಪ ಹಚ್ಚಿಕೊಂಡು ಸರದಿ ಕಾಯುತ್ತಿದ್ದವು.

ರಾತ್ರಿ ಮಲಗುವ ಮುನ್ನ ನನ್ನ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಮೇಜಿನ ಮೇಲಿಟ್ಟೆ. ಮುತ್ಯಾ ಮರೆತಿರಬಹುದೆಂದು ಮೊಮ್ಮಗಳು ಎದ್ದು ಇನ್ನೊಂದು ಗಂಟೆ ಹಿಂದಕ್ಕೆ ತಿರುಗಿಸಿಟ್ಟಿದ್ದಳೆಂಬುದು ನನಗೆ ತಿಳಿಯಲಿಲ್ಲ. ಭಾನುವಾರವೆಲ್ಲ ಆ ಗಡಿಯಾರವನ್ನೇ ನಂಬಿ ನಡೆದೆವು. ದೋಣಿಯಿಂದ ಇಳಿದು ನಿಧಾನವಾಗಿ ನಿಲ್ದಾಣಕ್ಕೆ ಬಂದಾಗ ನಮ್ಮ ಗಾಡಿ ಹೋಗಿ ಬಹಳ ಹೊತ್ತಾಗಿತ್ತು. ಮೂವತ್ತೆಂಟು ವರ್ಷ ರೈಲ್ವೆಯಲ್ಲಿದ್ದವನಿಗೆ ಗಾಡಿ ತಪ್ಪಿತು! ಮಗ ಅಷ್ಟು ನಕ್ಕದ್ದನ್ನು ನಾನು ಅವನ ಬಾಲ್ಯದ ನಂತರ ಕಂಡಿರಲಿಲ್ಲ.

ಮುಂದಿನ ಗಾಡಿಗೆ ಅರ್ಧ ಗಂಟೆಗೂ ಮೇಲೆ ಕಾಯಬೇಕಿತ್ತು. ಬೆಂಚಿನ ಮೇಲೆ ಕುಳಿತು ಮೊಮ್ಮಗಳು ತನ್ನ ಹತ್ತು ವಾಕ್ಯಗಳನ್ನು ಬರೆಯುತ್ತಿದ್ದಳು. ವಿಬೈಗನ್ಬ ಎಂದು ಬರೆಯಲು ಸೊನ್ನೆ ಬೇಕೋ, ಒತ್ತಕ್ಷರ ಬೇಕೋ ಎಂದು ನನ್ನನ್ನು ಕೇಳಿದಳು. ಮಗ ಜೇಬಿನಿಂದ ನನ್ನ ಪಟ್ಟಿಯನ್ನು ತೆಗೆದು ಅವಳ ಮುಂದೆ ಹಿಡಿದು, “ಇದರಾಗ ಸಮುದ್ರ ಅಂತ ಎಲ್ಲಿ ಅದ?” ಎಂದ. ಅವಳು ತೋರಿಸಿದಳು. “ಇದು ಸ. ಇದಕ್ಕೆ ಏನೂ ಇಲ್ಲ. ಇದು ಮ, ಅದಕ್ಕ ಕೊಂಬು. ಇದು ದ, ಅದರ ಕೆಳಗಿರೋದು ರ” ಎಂದು ಅಧ್ಯಾಪಕಿಯ ಧಾಟಿಯಲ್ಲಿ ಹೇಳಿಕೊಟ್ಟಳು. ಅವನು ಬೆರಳಿಟ್ಟು ಎರಡು ಸಲ ಓದಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಅದನ್ನು ಕಲಿಸುವ ಸರದಿ ನನ್ನದಾಗಿತ್ತು, ನಾನು ಕಳೆದುಕೊಂಡಿದ್ದೆ. ಈಗ ಅದು ಅವಳದು. ಗಾಡಿ ಬರುವಷ್ಟರಲ್ಲಿ ಅವನು ಕಲಿತದ್ದು ಐದಾರು ಅಕ್ಷರ. ಅಷ್ಟಕ್ಕೆ ಅವನು ಕನ್ನಡ ಓದುಗನಾದನೆಂದು ಹೇಳಲಾರೆ. ಆದರೆ ಸರಕಾರ ಕೊಟ್ಟ ಆ ಒಂದು ಗಂಟೆಯನ್ನು ಅದಕ್ಕಿಂತ ಚೆನ್ನಾಗಿ ಯಾವ ಪಟ್ಟಿಯಲ್ಲೂ ನಾನು ಹೊಂದಿಸಲಾರದಾಗಿದ್ದೆ.

ಈ ಸಂಚಿಕೆಯ ಓದುಗರಲ್ಲಿ ಹಲವರು ನನ್ನಂತೆಯೇ ಹೈದರಾಬಾದು, ಪುಣೆ, ಮುಂಬಯಿ, ಹೊರದೇಶಗಳಲ್ಲಿ ಚದುರಿದವರು. ಅವರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲವೆಂಬುದನ್ನು ಮೇಲಿನ ಬರಹವೇ ಹೇಳುತ್ತದೆ. ಒಂದು ಕೋರಿಕೆ ಮಾತ್ರ. ಮನೆಯಲ್ಲಿ ಕಿರಾಣಿ ಸಾಮಾನಿನ ಚೀಟಿಯನ್ನಾಗಲಿ, ಪ್ರವಾಸದ ಪಟ್ಟಿಯನ್ನಾಗಲಿ ಕನ್ನಡದಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟು ನೋಡಿರಿ. ಓದಿದರೆ ಸಂತೋಷ. ಓದಲಾರದಿದ್ದರೆ, ನನ್ನಷ್ಟು ತಡಮಾಡದಿರಿ.

ಸುವರ್ಣ ಮಹೋತ್ಸವಕ್ಕೆ ಮಗನ ಸಂಸಾರವೂ ತಾಂಡೂರಿಗೆ ಬರಲಿದೆ. ಅವರಿಗೆ ಊರಿನಲ್ಲಿ ದೊರೆಯುವುದು ಎರಡೇ ದಿನ. ಅದರ ಪಟ್ಟಿಯನ್ನು ಮೊಮ್ಮಗಳೇ ಕನ್ನಡದಲ್ಲಿ ಬರೆದು ಕಳುಹಿಸಿದ್ದಾಳೆ. ಅದರಲ್ಲಿರುವುದು ಎರಡೇ ಸ್ಥಳ: ಮುತ್ಯಾನ ಶಾಲೆ, ಮಳಖೇಡದ ಕಾಗಿಣಾ ದಂಡೆ. ಮೂರನೆಯ ಸಾಲಿನಲ್ಲಿ “ಬಿಡುವು” ಎಂದು ಬರೆದು, ಅದರ ಕೆಳಗೆ ಮೇಲಿನಿಂದ ಕೊನೆಯವರೆಗೆ ಉದ್ದನೆಯ ಗೆರೆ ಎಳೆದಿದ್ದಾಳೆ. ‘ಶಾಲೆ’ ಎಂ­ಬಲ್ಲಿ ದೀರ್ಘವನ್ನು ಮರೆತಿದ್ದಳು. ಅದನ್ನು ಬೇರೊಂದು ಶಾಯಿಯಲ್ಲಿ, ಇನ್ನೂ ಪಳಗದ ದೊಡ್ಡವರ ಕೈಯೊಂದು ತಿದ್ದಿದೆ.